ಎಡಭುಜದಲ್ಲಿಟ್ಟ ಭಯ

ಸ್ಕೂಲ್ ವ್ಯಾನ್ ಮಗುಚಿದಾಗ ಮಗಳು ಇಂಚರಳ ಮೈಯಲ್ಲಿ ಕೂತ ಭಯವನ್ನು ಸುಮಂಗಲ ತನ್ನ ಎಡಭುಜಕ್ಕೆ ತೆಗೆದುಕೊಂಡು ಮೂರು ತಿಂಗಳಾಗಿತ್ತು. ಊರಿನಲ್ಲಿ ಎಲ್ಲ ತಾಯಂದಿರೂ ಹಾಗೇ ಮಾಡುತ್ತಿದ್ದರು. ವಾರಕ್ಕಿಷ್ಟು ಎಂದು ಮಗುವಿಗೆ ಹಿಂದಿರುಗಿಸಬೇಕು, ಮಗುವಿನ ಮೈ ಅದನ್ನು ನಡುಗಿ ಕೊಡವಿಕೊಳ್ಳಬೇಕು. ನೂರು ದಿನ ದಾಟಿದರೆ ತಾಯಿಯಲ್ಲೇ ಉಳಿದುಬಿಡುತ್ತದೆ.

ಚಿಕಿತ್ಸಾ ಕೇಂದ್ರದ ಪರಿಮಳಾ ಮೇಡಂ ಭುಜ ಒತ್ತಿ ನೋಡಿದರು. "ಏನಮ್ಮಾ, ಮುಕ್ಕಾಲು ಭಾಗ ಇಲ್ಲೇ ಇದೆಯಲ್ಲ. ವಾರವಾರ ಕೊಡ್ಲಿಲ್ವಾ?"

"ಒಂದ್ಸಲ ಟೆಸ್ಟು, ಒಂದ್ಸಲ ಶೀತ. ಪಾಪ ಅನ್ನಿಸ್ತು ಮೇಡಂ. ನಂಗೇನೂ ಭಾರ ಇಲ್ಲ."

"ಸುಳ್ಳು," ಎಂದಳು ಪಕ್ಕದಲ್ಲೇ ನಿಂತಿದ್ದ ಇಂಚರ. "ಅಮ್ಮಂಗೆ ಎಡಗೈ ಮೇಲಕ್ಕೇ ಏಳಲ್ಲ. ನನ್ನ ಜಡೆ ಪಕ್ಕದ್ಮನೆ ಆಂಟಿ ಹಾಕೋದು."

"ಇವತ್ತಿಗೆ ತೊಂಬತ್ತೇಳು ದಿನ," ಎಂದರು ಮೇಡಂ.

ಸುಮಂಗಲ ಸೆರಗು ಎಳೆದು ಭುಜ ಮುಚ್ಚಿಕೊಂಡಳು. ಇಂಚರ ಸೆರಗು ಸರಿಸಿ ಅಂಗೈ ಇಟ್ಟಳು.

"ಕೊಡಮ್ಮ. ಅದು ನಂದು."

ಮೊದಲು ಹುಡುಗಿಯ ಗಲ್ಲ ನಡುಗಿತು, ಆಮೇಲೆ ಮೊಣಕಾಲು. ಕಾಲ್ಗೆಜ್ಜೆ ಗಲಗಲ ಎಂದಿತು. ತಬ್ಬಿಕೊಳ್ಳಲು ಹೊರಟ ಸುಮಂಗಲಳನ್ನು ಮೇಡಂ ತಡೆದರು. "ಹಿಡೀಬೇಡಿ. ನಡುಗ್ಲಿ ಬಿಡಿ." ಸುಮಂಗಲ ತನ್ನೆರಡು ಕೈಗಳನ್ನೂ ತೊಡೆಯಡಿ ಒತ್ತಿಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ಗೆಜ್ಜೆ ಸುಮ್ಮನಾಯಿತು. ಇಂಚರ ದೊಡ್ಡದಾಗಿ ಆಕಳಿಸಿ, ಹಸಿವಾಗುತ್ತಿದೆ ಎಂದಳು. ಆಮೇಲೆ ಅಮ್ಮನಿಗೆ ಬೆನ್ನು ತಿರುಗಿಸಿ ಕೂತು, ಕೆದರಿದ ಕೂದಲನ್ನು ಹಿಂದಕ್ಕೆ ಎಸೆದಳು.

ಸುಮಂಗಲಳ ಎರಡೂ ಕೈಗಳು ಮಗಳ ತಲೆಯವರೆಗೆ ಏರಿದವು.

"ಆಂಟಿ ಥರ ಬಿಗಿಯಾಗ್ ಬೇಡ," ಎಂದಳು ಇಂಚರ.