ಕಿವಿಗೆ ಹಿಡಿದ ಡಿಸ್ಕ್

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. "ಸರ್, ಕೆಟ್ಟಿದೆ ಅಂತ ವಾರಂಟಿಗೆ ಕಳಿಸಿದ್ದೀರಿ, ಈ ಹಾರ್ಡ್ ಡಿಸ್ಕ್ ಚೆನ್ನಾಗೇ ಇದೆಯಲ್ಲಾ?" ಎಂದಳು ಫೋನಿನಲ್ಲಿ ಸರ್ವೀಸ್ ಸೆಂಟರಿನ ಹೆಂಗಸು. ಈ ಕಡೆ ಮೇಷ್ಟ್ರು ಮನೆಯಲ್ಲೇ ಉಳಿದಿದ್ದ ಇನ್ನೊಂದು ಡಿಸ್ಕನ್ನು ಎತ್ತಿ ನೋಡಿದರು. ಅವರ ಅಕ್ಕ, ಗಂಟಲಿನ ಆಪರೇಷನ್ನಿನಲ್ಲಿ ತನ್ನ ಮಾತು ಹೋಗುವ ಮೊದಲು, ಮೊಮ್ಮಕ್ಕಳಿಗೆಂದು ಹೇಳಿ ರೆಕಾರ್ಡ್ ಮಾಡಿಸಿದ ಕಥೆಗಳೆಲ್ಲ ಒಂದು ಡಿಸ್ಕಿನಲ್ಲಿದ್ದವು. ನಕಲು ಇರಲೆಂದು ಅಂಥದ್ದೇ ಇನ್ನೊಂದು ಕೊಂಡಿದ್ದರು. ನಕಲು ಮಾಡುವ ಮೊದಲೇ ಹೊಸದು ಕೆಟ್ಟಾಗ, ವಾರಂಟಿ ಚೀಟಿಯನ್ನು ಕಥೆಗಳ ಡಿಸ್ಕಿಗೇ ಅಂಟಿಸಿ ಕಳಿಸಿಬಿಟ್ಟಿದ್ದರು.

"ಅಯ್ಯೋ, ಅಳಿಸಿಬಿಟ್ರಾ ತಾಯಿ?"

"ಬಂದಿದ್ದನ್ನೆಲ್ಲ ಅಳಿಸೋದೇ ಇಲ್ಲಿ ರೂಲು. ಆದ್ರೆ ನಾನು ಮೊದಲು ಕರೆಂಟ್ ಕೊಟ್ಟು ಕಿವಿಗೆ ಹಿಡೀತೀನಿ. ಕೆಟ್ಟಿದ್ದು ಟಿಕ್ ಟಿಕ್ ಅನ್ನುತ್ತೆ. ಡಾಕ್ಟರಮ್ಮ ಅಂತ ಇಲ್ಲಿ ಎಲ್ಲರೂ ಆಡ್ಕೋತಾರೆ, ಆಡ್ಕೊಳ್ಳಲಿ ಬಿಡಿ. ಇದು ನುಣ್ಣಗೆ ತಿರುಗ್ತಿತ್ತು, ಎತ್ತಿಟ್ಟೆ. ಇವತ್ತೇ ವಾಪಸ್ ಕಳಿಸ್ತೀನಿ."

ನಾಲ್ಕನೇ ದಿನ ಡಿಸ್ಕ್ ಬಂತು. ಥ್ಯಾಂಕ್ಸ್ ಹೇಳಲು ಮೇಷ್ಟ್ರು ಫೋನ್ ಮಾಡಿ "ತಾಯಿ" ಎನ್ನುವಷ್ಟರಲ್ಲೇ ಅಕ್ಕ ಫೋನ್ ಕಿತ್ತುಕೊಂಡು ಕಂಪ್ಯೂಟರಿನ ಸ್ಪೀಕರಿಗೆ ಹಿಡಿದು, ಒಂದು ಕಥೆ ಹಚ್ಚಿದಳು. ಅವಳದೇ ದನಿ ಕೋಣೆಯನ್ನು ತುಂಬಿತು. ಆ ಕಡೆಯಾಕೆ ಕಥೆ ಮುಗಿಯುವವರೆಗೂ ಫೋನ್ ಇಡಲಿಲ್ಲ. ಕರೆಯ ಅವಧಿ ಆರು ನಿಮಿಷ, ಹನ್ನೆರಡು ಸೆಕೆಂಡು.