ನೋಟಕ್ಕೊಂದು ತೆರಿಗೆ

ಥೆಲ್ಮಾಳ ಅಂಗಳದಿಂದ ಸರೋವರ ಕಾಣುತ್ತದೆ ಎಂದು ಊರಿನ ತೆರಿಗೆ ಅಧಿಕಾರಿ ರಾಂಡಲ್ ನ್ಯಾಯಾಲಯದಲ್ಲಿ ಎದೆಯುಬ್ಬಿಸಿ ಹೇಳಿದಾಗ, ಹಿಂದಿನ ಬೆಂಚಿನಲ್ಲಿದ್ದ ಪಕ್ಕದ ಮನೆಯ ಎಲ್ಮರ್ ಕಿಸಕ್ಕನೆ ನಕ್ಕುಬಿಟ್ಟ. ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವನನ್ನು ದುರುಗುಟ್ಟಿ ನೋಡಿದರು.

ನಮ್ಮ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮನೆಗಷ್ಟೇ ಅಲ್ಲ, ಮನೆಯಿಂದ ಕಾಣುವ ನೋಟಕ್ಕೂ ಬೆಲೆ ಕಟ್ಟಿ ತೆರಿಗೆ ಹಾಕುತ್ತಾರೆ. ಬೆಟ್ಟ ಕಂಡರೆ ಒಂದು ಬೆಲೆ, ನೀರು ಕಂಡರೆ ಅದಕ್ಕೂ ಮೇಲೆ. ಹಾಗಾಗಿ ಥೆಲ್ಮಾಳ ಪುಟ್ಟ ಮನೆಯ ತೆರಿಗೆ ಒಂದೇ ಏಟಿಗೆ ದುಪ್ಪಟ್ಟಾಗಿತ್ತು. ಸೋತರೆ ಮನೆ ಮಾರುವುದೊಂದೇ ದಾರಿ. ವಕೀಲರನ್ನಿಡಲು ಕೈಲಾಗದೆ ತಾನೇ ವಾದಕ್ಕೆ ನಿಂತಿದ್ದಳು.

"ನಂಗೆ ಕಾಣೋದು ಈ ಎಲ್ಮರನ ಪಾಳು ಕೊಟ್ಟಿಗೆ ಒಂದೇ ಸ್ವಾಮಿ. ಕೆಡವೋ, ನೀರು ಕಾಣಲಿ ಅಂತ ಬಡ್ಕೊಂಡು ಬಡ್ಕೊಂಡು ಗಂಟಲು ಬಿದ್ದೋಯ್ತು. ಆಮೇಲೆ ಮಾತೇ ಬಿಟ್ವಿ."

"ಹಾಗಾದ್ರೆ ಇದೇನು?" ರಾಂಡಲ್ ದೊಡ್ಡದೊಂದು ಫೋಟೊ ಎತ್ತಿ ಹಿಡಿದ. "ಮಾರ್ಚ್ ತಿಂಗಳಲ್ಲಿ ಇವರ ಅಂಗಳದ ಅಂಚಲ್ಲಿ ನಿಂತು ನಾನೇ ತೆಗೆದಿದ್ದು."

ಕೊಟ್ಟಿಗೆಯ ಸೂರಿನ ಆಚೆ ಸರೋವರ ಹೊಳೆಯುತ್ತಿತ್ತು. ಅಷ್ಟು ವರ್ಷ ಅಲ್ಲೇ ಬದುಕಿದರೂ ಥೆಲ್ಮಾ ಆ ನೋಟವನ್ನು ಕಂಡವಳೇ ಅಲ್ಲ. ಮನೆ ಕೈತಪ್ಪಿತು ಎನಿಸಿತು.

"ಸುಮ್ನೆ ನಿಂತ್ಯಲ್ಲೇ ಥೆಲ್ಮಾ!" ಎಲ್ಮರ್ ಎದ್ದೇ ನಿಂತ. "ಫೋಟೊದ ತಳ ನೋಡೇ! ಸಾಹೇಬ್ರ ಬೂಟಿನ ಪಕ್ಕ ಕೆಂಪಗೆ ಏನದು?"

ಬೂಟಿನ ತುದಿಯ ಬಳಿ, ಹಿಮದೊಳಗಿಂದ ಒಂದು ಕೆಂಪು ತಗಡು ಇಣುಕುತ್ತಿತ್ತು.

"ಅಯ್ಯೋ, ಕಾಗದ ಇದೆ ಅಂತ ಎತ್ತಿಡೋ ನನ್ನ ಅಂಚೆಪೆಟ್ಟಿಗೆ ಬಾವುಟ!" ಥೆಲ್ಮಾಗೆ ಹೋದ ಜೀವ ಬಂದಂತಾಯಿತು. "ಪೆಟ್ಟಿಗೆ ಇರೋದು ಅಂಗಳದ ಅಂಚಲ್ಲಿ, ಕಂಬದ ಮೇಲೆ, ನನ್ನ ಎದೆಮಟ್ಟಕ್ಕೆ. ಅದು ಇವರ ಕಾಲ ಕೆಳಗೆ ಹೆಂಗ್ ಬಂತು?"

ಚಳಿಗಾಲವಿಡೀ ಹಿಮ ಎತ್ತಿ ಸೊಂಟ ಮುರಿದುಕೊಂಡಿದ್ದ ಜನವೆಲ್ಲ ಗೊಳ್ಳೆಂದು ನಕ್ಕರು. ನ್ಯಾಯಾಧೀಶರೂ ನಗು ತಡೆಯಲು ತುಟಿ ಕಚ್ಚಿಕೊಂಡು ಕೇಳಿದರು:

"ರಾಂಡಲ್, ರಸ್ತೆ ಹಿಮ ತಳ್ಳಿ ಒಟ್ಟಿರ್ತಾರಲ್ಲ, ಆ ಗುಡ್ಡೆ ಹತ್ತಿದ್ರಾ?"

"ಹಿಮ... ಸ್ವಲ್ಪ ಇತ್ತು ಸ್ವಾಮಿ."

"ಆ ಗುಡ್ಡೆ ಈಗೆಲ್ಲಿ?"

"ಕರಗಿ ಹೋಯ್ತು."

"ನೋಟಾನೂ ಅದರ ಜೊತೆಗೇ ಹೋಯ್ತು. ಹಳೇ ತೆರಿಗೆನೇ ಇರಲಿ. ಇನ್ಮೇಲೆ ನೆಲದ ಮೇಲೆ ನಿಂತು ನೋಡಿ."

ಹೊರಗೆ ಬಂದ ಥೆಲ್ಮಾ ಗೆದ್ದ ಖುಷಿಗೆ ಎಲ್ಮರನ ಬೆನ್ನಿಗೊಂದು ಗುದ್ದು ಕೊಟ್ಟಳು. ಅವನ ಮನಸ್ಸೂ ಕರಗಿತು. "ನಾಳೆನೇ ಕೊಟ್ಟಿಗೆ ಕೆಡವಿಸ್ತೀನಿ ಕಣೇ. ಹಳೇ ಜಗಳ ಮುಗೀಲಿ."

"ಮುಟ್ಟಿ ನೋಡು, ಕೈ ಮುರಿದಾಕ್ತೀನಿ!"

ಮರುದಿನ ಬೆಳಿಗ್ಗೆ ಎಲ್ಮರ್ ಏಣಿ ಹಿಡಿದು ನಿಂತಿದ್ದ. ಥೆಲ್ಮಾ ಏಣಿಯ ಮೇಲೆ ನಿಂತು, ಇಷ್ಟು ಕಾಲ ಶಾಪ ಹಾಕಿದ್ದ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಒಮ್ಮೆ ಸುತ್ತಿಗೆ ತಡೆದು ಸಂದಿಯಲ್ಲಿ ಇಣುಕಿದಳು.

"ಇನ್ನೊಂದು ಹಲಗೆ ಕೊಡೋ ಬೇಗ. ಇಲ್ಲಿ ನೀರು ಕಾಣ್ತಿದೆ!"