ಜೀಪಿನ ಮೂತಿಗೆ ಕೊಂಡಿ

"ಮುಂದುಗಡೆ ಕೊಂಡಿ ಹಾಕಿಸಿದ್ರೆ ನೋಡಿದೋರು ಏನಂತಾರ್ರೀ ನರ್ಸಮ್ಮಾ? ಮರುಳಪ್ಪ ಸಿಕ್ಕಾಕ್ಕಳಾಕೇ ಹೊರಟಾನೆ ಅಂತಾರೆ," ಎಂದ ಆರೋಗ್ಯ ಕೇಂದ್ರದ ಜೀಪಿನ ಡ್ರೈವರ್ ಮರುಳಪ್ಪ.

"ಇಲ್ಲೀತಂಕ ಸಿಕ್ಕಾಕ್ಕಂಡೇ ಇಲ್ವೇನ್ರಿ ನೀವು?" ನರ್ಸ್ ಭೀಮಕ್ಕ ಕೇಳಿದಳು.

"ಸಿಕ್ಕಾಕ್ಕಂಡೀನಿ. ಮೊದ್ಲೇ ಬೋರ್ಡ್ ತಗುಲಿಸ್ಕಂಡು ಸಿಕ್ಕಾಕ್ಕಂಡಿಲ್ಲ."

ಚನ್ನಗಿರಿಯ ಬಸ್‌ಸ್ಟ್ಯಾಂಡ್ ಹಿಂದಿನ ವೆಲ್ಡಿಂಗ್ ಶೆಡ್ಡಿನಲ್ಲಿ ಆ ಶನಿವಾರ ಬೆಳಿಗ್ಗೆಯಿಂದ ಇದೇ ಜಗ್ಗಾಟ. ಹೋದ ಮಳೆಗಾಲ ಕತ್ತಲಗೆರೆ ಹತ್ತಿರ ಜೀಪು ಕೆಸರಿನಲ್ಲಿ ಹೂತಾಗ ಬಂಪರಿಗೆ ಸರಪಳಿ ಕಟ್ಟಿ ಟ್ರಾಕ್ಟರಿನಿಂದ ಎಳೆಸಿದ್ದರು. ಬಂಪರು ಕಿತ್ತು ಟ್ರಾಕ್ಟರಿನ ಹಿಂದೆ ಹೋಯಿತು, ಜೀಪು ಇದ್ದಲ್ಲೇ ಉಳಿಯಿತು. ಒಳಗೆ ನೋವು ತಿನ್ನುತ್ತಿದ್ದವಳ ಕೂಸು ಆವತ್ತು ಉಳಿಯಲಿಲ್ಲ. ಅಂದಿನಿಂದ ಭೀಮಕ್ಕ ಕೊಂಡಿ ಕೊಂಡಿ ಎಂದು ಡಾಕ್ಟರ ತಲೆ ತಿಂದು, ಒಪ್ಪಿಗೆ ಪಡೆದು, ಈಗ ರಜೆ ಹಾಕಿ ಬಂದು ಕಾವಲು ನಿಂತಿದ್ದಳು.

"ಬಂಪರಿಗೆ ಹಾಕ್ಲೋ, ಅಡಿಯ ಚಾಸಿಗೆ ಹಾಕ್ಲೋ? ಇಬ್ರೂ ಒಂದು ಮಾತಿಗೆ ಬರ್ರಪ್ಪ," ವೆಲ್ಡಿಂಗ್ ಮೂಕಪ್ಪ ಬೀಡಿ ಹಚ್ಚಿದ.

"ಬಂಪರಿನ ನಡುವಿಗೆ ಒಂದು ಸಾಕು. ಮೂಗುತಿ ಇದ್ದಂಗೆ ಲಕ್ಷಣವಾಗಿರ್ಲಿ," ಎಂದ ಮರುಳಪ್ಪ.

"ಮೂಗುತಿ ಹಿಡಿದು ಎಳೆದ್ರೆ ಮೂಗೇ ಹರೀತೈತೆ. ಚಾಸಿಗೆ ಹಾಕ್ರಿ ಮೂಕಪ್ಪಾ, ಮುಂದುಗಡೆ ಎಡಕ್ಕೊಂದು, ಬಲಕ್ಕೊಂದು."

"ಸರಿ, ವೆಲ್ಡಿಂಗ್ ಹೊಡೆದು ಕೈ ತೊಳ್ಕಂಬಿಡ್ತೀನಿ."

"ಬೋಲ್ಟ್ ಹಾಕ್ರಿ. ಆ ಬಂಪರಿಗೂ ವೆಲ್ಡಿಂಗೇ ಹೊಡೆದಿದ್ರಿ ನೀವು."

ಡ್ರಿಲ್ಲು ಚಾಸಿಯ ದಪ್ಪ ಕಬ್ಬಿಣಕ್ಕೆ ಕಚ್ಚಿಕೊಂಡು ಮುರಿಯಿತು. ಹೊಸದನ್ನು ತರುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬರುವಷ್ಟರಲ್ಲಿ ಮೂಕಪ್ಪ ಊಟಕ್ಕೆ ಹೋದ. ಭೀಮಕ್ಕ ಹಲ್ಲು ಕಚ್ಚಿಕೊಂಡು ಖಾಲಿ ಡಬ್ಬವೊಂದರ ಮೇಲೆ ಕೂತಳು. ಸಂಜೆಗೆ ಎರಡೂ ಕೊಂಡಿ ಕೂತವು. ಕೊಂಡಿಗೆ ಕಾಲು ಕೊಟ್ಟು ಒದ್ದು ನೋಡಿ, ಅಲುಗಲಿಲ್ಲವೆಂದು ಖಾತ್ರಿಯಾದ ಮೇಲೆ ಅವಳು ಹೊರಟಳು. ಮರುಳಪ್ಪ ಯಾರಿಗೂ ಕಾಣದ ಹಾಗೆ ಅವುಗಳ ಮೇಲೆ ಗೋಣಿತಾಟು ಇಳಿಬಿಟ್ಟ.

ಸೋಮವಾರ ಮಧ್ಯಾಹ್ನ ಸೂಳೆಕೆರೆ ಅಂಚಿನ ಹಳ್ಳಿಯಿಂದ ಕರೆ ಬಂತು. ನಾಗರಾಜಪ್ಪನ ಸೊಸೆ ಸಿದ್ದಲಿಂಗಮ್ಮನಿಗೆ ಮೂರನೆಯ ಹೆರಿಗೆ. ಕೂಸು ಅಡ್ಡ ತಿರುಗಿತ್ತು. ಮನೆಯಲ್ಲಿ ಆಗುವ ಮಾತಲ್ಲ. ಅವಳನ್ನು ಕೌದಿಯ ಸಮೇತ ಎತ್ತಿ ಜೀಪಿನ ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರೆ, ಊರು ದಾಟುವ ಮೊದಲೇ ಕಾಲುವೆಯ ಮಗ್ಗುಲಲ್ಲಿ ಮುಂದಿನ ಗಾಲಿಗಳು ಕೆಸರಿಗೆ ಇಳಿದು ಕೂತವು.

ಮರುಳಪ್ಪ ಕೆಳಗಿಳಿದು ಗೋಣಿತಾಟು ಕಿತ್ತೆಸೆದ. "ಕೊಂಡಿ ಐತಲ್ರೀ ನರ್ಸಮ್ಮಾ, ಹೆದರಿಕೆ ಯಾಕೆ? ಇಂಥ ದಿನಕ್ಕೇ ಅಂತ ಹಾಕ್ಸಿದ್ದು ನಾನು."

ಭೀಮಕ್ಕ ಸುತ್ತ ಕಣ್ಣಾಡಿಸಿದಳು. ಎದುರಿಗೇ, ಹೊಂಗೆ ಮರದ ಕೆಳಗೆ ನಾಗರಾಜಪ್ಪನ ಜೋಡೆತ್ತು ನಿಂತಿದ್ದವು. ಮೈ ತೊಳೆದು ಹಣೆಗೆ ವಿಭೂತಿ ಬಳಿದಿದ್ದರು. "ಎತ್ತು ಬಿಚ್ಕಂಡು ಬರ್ರಿ ನಾಗರಾಜಪ್ಪಾರೆ, ಬೇಗ."

ಮಗನ ಜೊತೆ ಜೀಪಿನ ಹಿಂದೆಯೇ ನಡೆದು ಬಂದಿದ್ದ ನಾಗರಾಜಪ್ಪ ನಿಂತಲ್ಲೇ ನಿಂತ. "ಇವತ್ತು ಸೋಮವಾರ, ತಾಯೀ."

"ಆಗ್ಲಿ. ಅದಕ್ಕೇನು?"

"ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡಾಂಗಿಲ್ಲ. ನಮ್ಮಪ್ಪನ ಕಾಲದಿಂದ ಇಟ್ಟಿಲ್ಲ."

"ನಾನೇನು ಹೊಲ ಉಳಾಕೆ ಕೇಳ್ತಿದೀನೇನ್ರಿ? ಒಳಗೆ ನಿಮ್ಮ ಸೊಸೆ ಸಾಯ್ತಾಳೆ."

"ಗೊತ್ತೈತೆ," ಎಂದ ಮುದುಕ. "ಬಸವಣ್ಣ ಮುನಿದ್ರೆ ಆಕೀನೂ ಉಳಿಯಲ್ಲ, ಕೂಸೂ ಉಳಿಯಲ್ಲ."

ಭೀಮಕ್ಕನಿಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಚಾಸಿ ಎಂದು ಕಾದಾಡಿದ್ದಳು, ಬೋಲ್ಟು ಎಂದು ಕಾದಾಡಿದ್ದಳು. ವಾರದ ಜೊತೆ ಕಾದಾಡುವುದು ಹೇಗೆಂದು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾಗರಾಜಪ್ಪ ಓಡಿಹೋಗಿ ಗಾಡಿಯ ನೊಗವನ್ನು ಹೊತ್ತು ತಂದ. ಒಂದು ತುದಿಗೆ ತನ್ನ ಹೆಗಲು ಕೊಟ್ಟ, ಇನ್ನೊಂದಕ್ಕೆ ಮಗನ ಹೆಗಲು. ಸರಪಳಿಯನ್ನು ಎರಡೂ ಕೊಂಡಿಗೆ ಸಿಕ್ಕಿಸಿ ನೊಗಕ್ಕೆ ಬಿಗಿದರು. ಗದ್ದೆಯಲ್ಲಿದ್ದವರು ಓಡಿಬಂದು ಸರಪಳಿಗೆ ಕೈ ಹಚ್ಚಿದರು. ಮುದುಕನ ಕತ್ತಿನ ನರ ಉಬ್ಬಿತು, ಮೊಣಕಾಲು ಕೆಸರಿಗೆ ಊರಿತು, ಮತ್ತೆ ಎದ್ದ. ಎತ್ತುಗಳು ಮೆಲುಕು ಹಾಕುತ್ತ ನೋಡಿದವು. ಕೊಂಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಜೀಪು ಮೇಲೆ ಬಂತು.

"ದೇವರಂಥ ಮನುಷ್ಯ," ಎಂದ ಮರುಳಪ್ಪ, ಗೇರು ಬದಲಿಸುತ್ತ. "ಎತ್ತಿನ ನೊಗ ತಾನು ಹೊತ್ಕಂಡ, ನೋಡಿದ್ರಾ?"

"ರಸ್ತೆ ನೋಡ್ರಿ," ಎಂದಳು ಭೀಮಕ್ಕ.

ನೋವು ಒಂದು ಗಳಿಗೆ ಬಿಟ್ಟಾಗ ಅವಳು ಸಿದ್ದಲಿಂಗಮ್ಮನ ಸೀರೆ ಸರಿಪಡಿಸಲು ಬಗ್ಗಿದಳು. ಮೊಣಕಾಲಿನವರೆಗೂ ಕೆಸರು. ಒದ್ದೆ ಬಟ್ಟೆಯಲ್ಲಿ ತಿಕ್ಕಿದರೂ ಹೋಗಲಿಲ್ಲ, ಒಣಗಿ ಕಚ್ಚಿಕೊಂಡಿತ್ತು. ಈ ಹೆಣ್ಣು ಕಾಲುವೆಯ ಹತ್ತಿರ ಕೆಳಗೇ ಇಳಿದಿರಲಿಲ್ಲ.

"ಎಲ್ಲೀದಮ್ಮ ಈ ಕೆಸರು?"

"ಗದ್ದೇದು. ಬೆಳಗ್ಗೆ ನಾಟಿ ಮಾಡ್ತಿದ್ದೆ, ಅಲ್ಲೇ ನೋವು ಬಂತು."

"ಇವತ್ತಾ? ಸೋಮವಾರ?"

ಸಿದ್ದಲಿಂಗಮ್ಮ ಏನೂ ತಿಳಿಯದ ನರ್ಸಮ್ಮನನ್ನು ಕನಿಕರದಿಂದ ನೋಡಿದಳು.

"ಸೋಮವಾರದ ಬಿಡುವು ಎತ್ತಿಗಲ್ವೇನಕ್ಕಾ?"